ವಾರಕ್ಕೆರಡು ಕ್ವಾರ್ಟರ್ ‘ಲಿಮಿಟ್’ ಒಳಗೋ ಹೊರಗೋ?

ಪ್ರಶ್ನೆ: ಸರ್, ನನಗ 46 ವರ್ಷ. ಹುಮನಾಬಾದ್ ಹತ್ರ ಕಿರಾಣಿ ಅಂಗಡಿ ಅದ. ಶನಿವಾರ, ರವಿವಾರ ರಾತ್ರಿ ಒಂದೊಂದು ಕ್ವಾರ್ಟರ್ ವಿಸ್ಕಿ ತಗೋತೀನಿ. ಉಳಿದ ಐದು ದಿನ ಮುಟ್ಟಂಗಿಲ್ಲ. ಎರಡು ವರ್ಷದಿಂದ ಶುಗರ್ ಗುಳಿಗಿ ನಡದಾವ, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಗುಟ್ಕಾನೂ ಹಾಕ್ತೀನಿ. ಡಾಕ್ಟರ್ ‘ಲಿಮಿಟ್‌ನಾಗ ಇರ್ಲಿ’ ಅಂದ್ರು. ಪುಣೆದಾಗಿರೋ ತಮ್ಮ ‘ವಿಸ್ಕಿ ಬಿಡು, ರೆಡ್ ವೈನ್ ಹಾರ್ಟಿಗೆ ಛಲೋ’ ಅಂತಾನ. ವಾಟ್ಸಾಪ್‌ನಾಗ ‘ಒಂದು ಹನಿನೂ ವಿಷ, ಡಬ್ಲ್ಯುಎಚ್‌ಒ ಹೇಳ್ಯದ’ ಅಂತ ಬಂದದ. ಹಂಗಾದ್ರ ಲಿಮಿಟ್ ಅಂದ್ರ ಎಷ್ಟು? ಊರಿಗೆ ಹೋದಾಗ ಸೇಂದಿ ಕುಡದ್ರ ಅದನ್ನ ಹ್ಯಾಂಗ ಲೆಕ್ಕಕ್ಕ ಹಿಡೀಬೇಕು?

ಉತ್ತರ: ನಿಮ್ಮ ಡಾಕ್ಟರ್, ತಮ್ಮ, ವಾಟ್ಸಾಪ್ ಮೂವರೂ ಪ್ರಮಾಣದ ಬಗ್ಗೆಯೇ ಮಾತಾಡಿದ್ದಾರೆ, ಆದರೆ ಅಳತೆಯನ್ನು ಒಬ್ಬರೂ ಹೇಳಿಲ್ಲ. ಕಿರಾಣಿ ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ತೊಗರಿಬೇಳೆಯನ್ನು ಚೀಲದ ಲೆಕ್ಕದಲ್ಲಿ ಕೊಂಡರೂ ಮಾರುವುದು ತೂಕದಲ್ಲೇ. ಮದ್ಯವನ್ನೂ ಪೆಗ್ಗು, ಬಾಟಲಿ, ಗ್ಲಾಸಿನಲ್ಲಿ ಎಣಿಸದೆ ಅದರೊಳಗಿನ ಶುದ್ಧ ಆಲ್ಕೋಹಾಲ್ ಎಷ್ಟು ಗ್ರಾಂ ಎಂದು ತೂಗಬೇಕು. ಸಂಶೋಧಕರು ಮಾಡುವುದು ಅದನ್ನೇ.

ಲೆಕ್ಕ ಸುಲಭ. ಬಾಟಲಿಯ ಚೀಟಿಯಲ್ಲಿ ಶೇಕಡಾ ಎಷ್ಟು ಎಂದು ನೋಡಿ. ನಮ್ಮ ಕಡೆ ಮಾರುವ ವಿಸ್ಕಿ, ರಮ್, ಬ್ರಾಂಡಿಗಳಲ್ಲಿ ಬಹುತೇಕ 42.8 ಎಂದಿರುತ್ತದೆ. ಕೆಲವು ಚೀಟಿಗಳಲ್ಲಿ ಪಕ್ಕದಲ್ಲೇ ‘25 ಯು.ಪಿ.’ ಎಂದೂ ಕಾಣಬಹುದು. ಅದು ಬ್ರಿಟಿಷರ ಕಾಲದ ಪ್ರೂಫ್ ಅಳತೆ, ಅರ್ಥ ಎರಡರದ್ದೂ ಒಂದೇ. ಕ್ವಾರ್ಟರ್ ಎಂದರೆ 180 ಎಂ.ಎಲ್. ಅದರಲ್ಲಿ ಶೇಕಡಾ 42.8 ಎಂದರೆ 77 ಎಂ.ಎಲ್. ಶುದ್ಧ ಆಲ್ಕೋಹಾಲ್. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಎಂ.ಎಲ್. 0.79 ಗ್ರಾಂ ತೂಗುತ್ತದೆ. 77ನ್ನು 0.79ರಿಂದ ಗುಣಿಸಿದರೆ 61 ಗ್ರಾಂ. ಇದೇ ಲೆಕ್ಕದಲ್ಲಿ ನೈಂಟಿ ಪಾಕೀಟು 30 ಗ್ರಾಂ, 60ರ ದೊಡ್ಡ ಪೆಗ್ 20 ಗ್ರಾಂ, 30ರ ಸಣ್ಣ ಪೆಗ್ 10 ಗ್ರಾಂ. ‘ಬಿಯರ್ ಏನ್ ಬಿಡ್ರಿ, ಬಾರ್ಲಿ ನೀರು’ ಎನ್ನುವವರು ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಎಂ.ಎಲ್. ಬಾಟಲಿಯನ್ನು ಲೆಕ್ಕ ಹಾಕಿ ನೋಡಲಿ. 41 ಗ್ರಾಂ ಬರುತ್ತದೆ, ಅಂದರೆ ಎರಡು ದೊಡ್ಡ ಪೆಗ್ ವಿಸ್ಕಿ.

ನೀರು, ಸೋಡಾ ಎಷ್ಟು ಬೆರೆಸಿದರೂ ಈ ಗ್ರಾಂ ಕಡಿಮೆಯಾಗುವುದಿಲ್ಲ. ರೊಟ್ಟಿ ಉಂಡು ಕುಡಿದರೆ ಆಲ್ಕೋಹಾಲ್ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ನೆತ್ತಿಗೇರುವುದು ಕಡಿಮೆಯಾಗುತ್ತದೆ. ಅದರಿಂದ ಲಾಭವುಂಟು. ಆದರೆ ಯಕೃತ್ತಿನ ಪಾಲಿಗೆ ಬರುವ ಕೆಲಸ ಹೆಚ್ಚುಕಡಿಮೆ ಅಷ್ಟೇ.

ಈಗ ನಿಮ್ಮ ವಾರದ ಲೆಕ್ಕ 122 ಗ್ರಾಂ. ಇದನ್ನು ಹಿಡಿದುಕೊಂಡು ಬೇರೆ ಬೇರೆ ದೇಶಗಳ ಮಿತಿಗಳ ಮುಂದೆ ನಿಂತರೆ ‘ಹಿತಮಿತ’ ಎಂಬ ಮಾತು ಎಷ್ಟು ಜಾರುತ್ತದೆ ಎಂದು ಗೊತ್ತಾಗುತ್ತದೆ. ಬ್ರಿಟನ್ನಿನಲ್ಲಿ ಒಂದು ಯೂನಿಟ್ ಎಂದರೆ 8 ಗ್ರಾಂ. 1987ರಲ್ಲಿ ಅಲ್ಲಿ ಗಂಡಸರಿಗೆ ವಾರಕ್ಕೆ 21 ಯೂನಿಟ್, ಹೆಂಗಸರಿಗೆ 14 ಎಂದಿತ್ತು. ನೀವು ಕುಡಿಯುವುದು 15ಕ್ಕಿಂತ ತುಸು ಹೆಚ್ಚು, ಅಂದಿನ ಲೆಕ್ಕದಲ್ಲಿ ಆರಾಮಾಗಿ ಒಳಗೆ. 2016ರಲ್ಲಿ ಗಂಡಸು ಹೆಂಗಸು ಇಬ್ಬರಿಗೂ 14 ಎಂದು ಮಾಡಿದರು, ಅದನ್ನೂ ಮೂರಕ್ಕಿಂತ ಕಡಿಮೆ ದಿನಗಳಲ್ಲಿ ಮುಗಿಸಬಾರದು ಎಂದರು. ಈಗ ನೀವು ಹೊರಗೆ. ಆಸ್ಟ್ರೇಲಿಯಾದ 2020ರ ಮಾರ್ಗಸೂಚಿ 10 ಗ್ರಾಮಿನ ಡ್ರಿಂಕ್ ವಾರಕ್ಕೆ ಹತ್ತು, ಒಂದೇ ದಿನ ನಾಲ್ಕು ಮೀರಬಾರದು ಎನ್ನುತ್ತದೆ. ನಿಮ್ಮದು ವಾರಕ್ಕೆ ಹನ್ನೆರಡು, ಒಂದೇ ರಾತ್ರಿಗೆ ಆರು. ಕೆನಡಾ ಇನ್ನೂ ಬಿಗಿ. ಅವರ ಡ್ರಿಂಕ್ 13.45 ಗ್ರಾಂ. 2023ರ ಸಲಹೆಯಂತೆ ವಾರಕ್ಕೆ ಒಂದೆರಡು ಕಡಿಮೆ ಅಪಾಯ, ಮೂರರಿಂದ ಆರು ಮಧ್ಯಮ, ಏಳರಿಂದಾಚೆ ಅಪಾಯ ಏರುತ್ತಲೇ ಹೋಗುತ್ತದೆ. ನಿಮ್ಮದು ಒಂಬತ್ತು. ಅಮೆರಿಕದಲ್ಲಿ 2020ರಲ್ಲಿ ಹೊರಬಂದ ಆಹಾರ ಮಾರ್ಗಸೂಚಿ ಗಂಡಸಿಗೆ ದಿನಕ್ಕೆ 14 ಗ್ರಾಮಿನ ಎರಡು ಡ್ರಿಂಕ್, ಹೆಂಗಸಿಗೆ ಒಂದು ಎಂದಿತು. ಎರಡನ್ನು ಏಳರಿಂದ ಗುಣಿಸಿದರೆ ವಾರಕ್ಕೆ 196 ಗ್ರಾಂ, ‘ನಾನಿನ್ನೂ ಬಹಳ ಕೆಳಗಿದ್ದೀನಿ’ ಎಂದು ನೀವು ಅಂದುಕೊಳ್ಳಬಹುದು. ಹಾಗೆ ಗುಣಿಸಲು ಅವರು ಬಿಟ್ಟಿರಲಿಲ್ಲ. ಆ ಮಿತಿ ಕುಡಿಯುವ ದಿನದ್ದು, ವಾರದ ಸರಾಸರಿಯದ್ದಲ್ಲ. ಐದು ದಿನ ಉಪವಾಸವಿದ್ದು ಆರನೇ ದಿನ ಬಡ್ಡಿ ಸಮೇತ ವಸೂಲು ಮಾಡುವ ಅವಕಾಶ ಅಲ್ಲಿರಲಿಲ್ಲ.

ನಿಮ್ಮ ವಿಷಯದಲ್ಲಿ ತೂಕವಿರುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಂದೇ ಸಲಕ್ಕೆ 60 ಗ್ರಾಂ ಅಥವಾ ಹೆಚ್ಚು, ಅದೂ ತಿಂಗಳಿಗೆ ಒಮ್ಮೆಯಾದರೂ ಕುಡಿದರೆ ಅದು ‘ಒಮ್ಮೆಲೇ ಭಾರಿ ಕುಡಿತ’. ಒಂದು ಕ್ವಾರ್ಟರ್ 61 ಗ್ರಾಂ. ಆ ಗೆರೆಯನ್ನು ನೀವು ತಿಂಗಳಿಗೆ ಎಂಟು ಸಲ ದಾಟುತ್ತಿದ್ದೀರಿ, ಅದೂ ‘ಬರೀ ಒಂದು ಕ್ವಾರ್ಟರ್’ ಎಂಬ ಸಮಾಧಾನದಲ್ಲಿ. ಇಂಥ ಕುಡಿತಕ್ಕೆ ಅಮೆರಿಕದವರು ‘ಬಿಂಜ್’ ಎನ್ನುತ್ತಾರೆ, ಅವರ ಲೆಕ್ಕ ಗಂಡಸಿಗೆ ಸುಮಾರು ಎರಡು ಗಂಟೆಯಲ್ಲಿ ಐದು ಡ್ರಿಂಕ್, ಅಂದರೆ 70 ಗ್ರಾಂ. ಆ ಅಳತೆಗೆ ನೀವು ಬೀಳುವುದಿಲ್ಲ. ಒಬ್ಬನೇ ಮನುಷ್ಯ, ಒಂದೇ ಬಾಟಲಿ, ಒಂದು ಅಧ್ಯಯನದಲ್ಲಿ ಭಾರಿ ಕುಡುಕ, ಇನ್ನೊಂದರಲ್ಲಿ ಅಲ್ಲ. ಪತ್ರಿಕೆಯಲ್ಲಿ ‘ಮಿತವಾಗಿ ಕುಡಿಯುವವರಿಗೆ’ ಎಂದು ಶುರುವಾಗುವ ಸುದ್ದಿ ಕಂಡರೆ ಮೊದಲು ಎಷ್ಟು ಗ್ರಾಂ, ವಾರದಲ್ಲಿ ಎಷ್ಟು ದಿನ ಎಂದು ಹುಡುಕಿ. ಅದಿಲ್ಲದ ಸುದ್ದಿ ಓದಿ ಉಪಯೋಗವಿಲ್ಲ.

ಅಳತೆ ತಪ್ಪಿದರೆ ಫಲಿತಾಂಶ ಹೇಗೆ ತಿರುಗುತ್ತದೆ ಎಂಬುದನ್ನು ನಿಮ್ಮ ಉದಾಹರಣೆಯಲ್ಲೇ ತೋರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ. 40ಕ್ಕೆ 8 ಅಥವಾ ಹೆಚ್ಚು ಅಂಕ ಬಂದರೆ ಕುಡಿತ ಅಪಾಯದ ದಾರಿಯಲ್ಲಿದೆ ಎಂದರ್ಥ. ಎಷ್ಟು ಸಲ ಕುಡಿಯುತ್ತೀರಿ? ವಾರಕ್ಕೆ ಎರಡು ಮೂರು ಸಲ, 3 ಅಂಕ. ಕುಡಿದ ದಿನ ಎಷ್ಟು ಡ್ರಿಂಕ್? 10 ಗ್ರಾಮಿನ ಲೆಕ್ಕದಲ್ಲಿ ಆರು, 2 ಅಂಕ. ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಎಷ್ಟು ಸಲ? ವಾರಕ್ಕೊಮ್ಮೆಯಾದರೂ, 3 ಅಂಕ. ಮೂರೇ ಪ್ರಶ್ನೆಗೆ 8 ಮುಟ್ಟಿತು, ಇನ್ನೂ ಏಳು ಪ್ರಶ್ನೆ ಬಾಕಿ. ಈಗ ಇದೇ ಪಟ್ಟಿ ಹಿಡಿದು ಸಮೀಕ್ಷೆಯ ಹುಡುಗ ನಿಮ್ಮ ಅಂಗಡಿಗೆ ಬಂದು ‘ಎಷ್ಟು ಪೆಗ್ ತಗೋತೀರಿ ಕಾಕಾ?’ ಎಂದು ಕೇಳುತ್ತಾನೆ ಎನ್ನಿ. ನೀವು 60ರ ಪೆಗ್ ಹಿಡಿದು ‘ಮೂರು’ ಎನ್ನುತ್ತೀರಿ. ಎರಡನೇ ಪ್ರಶ್ನೆಗೆ 1 ಅಂಕ, ಮೂರನೆಯದಕ್ಕೆ ಸೊನ್ನೆ, ಒಟ್ಟು 4. ನೀವೂ ಸುಳ್ಳು ಹೇಳಲಿಲ್ಲ, ಅವನೂ ತಪ್ಪು ಬರೆಯಲಿಲ್ಲ. ಆದರೂ ಕಾಗದದ ಮೇಲೆ ನಿಮ್ಮ ಅಪಾಯ ಅರ್ಧಕ್ಕೆ ಇಳಿಯಿತು. ಬಾರಿನಲ್ಲಾದರೂ ಅಳತೆಯ ಬಟ್ಟಲು ಇರುತ್ತದೆ. ಮನೆಯಲ್ಲಿ ಸ್ಟೀಲ್ ಲೋಟಕ್ಕೆ ಕಣ್ಣಂದಾಜಿನಲ್ಲಿ ಸುರಿದರೆ ಅದು 60ರಲ್ಲಿ ನಿಲ್ಲುವುದು ಅಪರೂಪ.

ಇನ್ನು ನಿಮ್ಮ ತಮ್ಮನ ರೆಡ್ ವೈನ್. ಆ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಏನೂ ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರಲ್ಲಿ ಹೃದಯಾಘಾತ ಕಡಿಮೆ, ಜಾಸ್ತಿ ಕುಡಿದಂತೆ ಸಾವು ಹೆಚ್ಚು ಎಂದು ದಶಕಗಳ ಕಾಲ ಅಧ್ಯಯನಗಳು ತೋರಿಸಿದವು. ನಕ್ಷೆ ಬರೆದರೆ ಇಂಗ್ಲಿಷಿನ ‘ಜೆ’ ಅಕ್ಷರದಂತೆ ಕಾಣುತ್ತಿತ್ತು. ಬೆಣ್ಣೆ ಚೀಸು ತಿಂದರೂ ಫ್ರೆಂಚರಿಗೆ ಹೃದ್ರೋಗ ಕಡಿಮೆ, ಅದಕ್ಕೆ ವೈನೇ ಕಾರಣ ಎಂಬ ಮಾತು 1990ರ ದಶಕದ ಆರಂಭದಲ್ಲಿ ಜಗತ್ತೆಲ್ಲ ಹಬ್ಬಿತು.

ಎಡವಿದ್ದು ‘ಕುಡಿಯದವರು’ ಎಂಬ ಗುಂಪಿನಲ್ಲಿ. ಜಾಂಡೀಸ್ ಬಂದು ಬಿಟ್ಟವರು, ಬಿ.ಪಿ. ಹೆಚ್ಚಾಗಿ ಬಿಟ್ಟವರು, ಕುಡಿದು ಕುಡಿದು ದೇಹ ಸೋತು ಬಿಟ್ಟವರು ಎಲ್ಲರೂ ಆ ಗುಂಪಿನಲ್ಲೇ ಸೇರಿಕೊಂಡಿದ್ದರು. ಅವರ ಪಕ್ಕದಲ್ಲಿ ನಿಲ್ಲಿಸಿದರೆ ವಾರಾಂತ್ಯಕ್ಕೆ ಒಂದು ಗ್ಲಾಸ್ ವೈನ್ ಕುಡಿಯುವ, ಕೈತುಂಬ ಸಂಬಳವಿರುವ, ಬೆಳಗ್ಗೆ ವಾಕಿಂಗ್ ಹೋಗುವ ಮನುಷ್ಯ ಗಟ್ಟಿಮುಟ್ಟಾಗಿ ಕಾಣದೆ ಏನು ಮಾಡುತ್ತಾನೆ? ಬ್ರಿಟನ್ನಿನ ಸಂಶೋಧಕ ಶೇಪರ್ ಅವರ ತಂಡ 1988ರಲ್ಲೇ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಈ ಎಚ್ಚರಿಕೆ ಬರೆದಿತ್ತು. 2023ರಲ್ಲಿ 107 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಇಂಥ ಕಲಬೆರಕೆಯನ್ನು ಸೋಸಿ ನೋಡಿದಾಗ ಸ್ವಲ್ಪ ಕುಡಿಯುವವರ ಆಯುಸ್ಸಿನ ಲಾಭ ಕಾಣದಾಯಿತು. ಚೀನಾದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅಧ್ಯಯನ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಹಲವರಿಗೆ ಹುಟ್ಟಿನಿಂದಲೇ ಒಂದು ಜೀನ್ ಹಾಗಿರುತ್ತದೆ, ಸ್ವಲ್ಪ ಕುಡಿದರೂ ಮುಖ ಕೆಂಪೇರಿ ಹೊಟ್ಟೆ ತೊಳಸುತ್ತದೆ. ಹಾಗಾಗಿ ಅವರು ಕುಡಿಯುವುದೇ ಕಡಿಮೆ, ಕಾಯಿಲೆಯ ಕಾರಣಕ್ಕಲ್ಲ. ಆ ಜೀನಿನ ಲೆಕ್ಕದಲ್ಲಿ ಅಳೆದಾಗ, 2019ರ ವರದಿಯಂತೆ, ಕುಡಿತ ಹೆಚ್ಚಿದಂತೆ ಪಾರ್ಶ್ವವಾಯು ಮತ್ತು ಬಿ.ಪಿ. ನೇರವಾಗಿ ಏರಿದವು. ಸ್ವಲ್ಪ ಕುಡಿದವರಿಗೆ ರಕ್ಷಣೆ ಕಾಣಲಿಲ್ಲ.

ನಮ್ಮ ಜನರ ವಿಷಯ ಇನ್ನೂ ಬೇರೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಒಟ್ಟಾರೆ ಮದ್ಯ ಹೃದಯಕ್ಕೆ ಒಳ್ಳೆಯದೆಂದು ಕಂಡರೂ ದಕ್ಷಿಣ ಏಷ್ಯಾದವರಲ್ಲಿ ಆ ಲಾಭ ಕಾಣಲಿಲ್ಲ. ನನ್ನ ಊಹೆ ಹೀಗಿದೆ. ಬೀದರ, ಕಲಬುರಗಿ ಕಡೆ ಕುಡಿಯದಿರುವುದೇ ರೂಢಿ. ಮನೆತನ, ಧರ್ಮ, ಸಂಪ್ರದಾಯದಿಂದ ಜೀವನದಲ್ಲಿ ಒಮ್ಮೆಯೂ ಮುಟ್ಟದವರೇ ಇಲ್ಲಿ ಹೆಚ್ಚು. ನಮ್ಮಲ್ಲಿ ‘ಕುಡಿಯದವರು’ ಎಂದರೆ ಬಿಟ್ಟ ರೋಗಿಗಳಲ್ಲ, ಗಟ್ಟಿ ಜನ. ಮೇಲಾಗಿ ಇಲ್ಲಿ ಕುಡಿಯುವವರು ಊಟದ ಜೊತೆ ಒಂದು ಗ್ಲಾಸ್ ವೈನ್ ಹೀರುವುದಿಲ್ಲ, ಊಟಕ್ಕೆ ಮುಂಚೆ ಚಖ್ನಾ ಜೊತೆ ಬಾಟಲಿ ಮುಗಿಸುತ್ತಾರೆ. ತಮ್ಮನಿಗೆ ಹೇಳಿ, ಶೇಕಡಾ 12ರ ವೈನ್ 150 ಎಂ.ಎಲ್.ನಲ್ಲಿ ಇರುವುದೂ 14 ಗ್ರಾಂ ಅದೇ ಆಲ್ಕೋಹಾಲ್. ವಿಸ್ಕಿ ಬಿಟ್ಟು ಅಷ್ಟೇ ಗ್ರಾಮಿನ ವೈನ್ ಕುಡಿದರೆ ಖರ್ಚು ಹೆಚ್ಚುತ್ತದೆ, ಅಷ್ಟೆ.

ಹಾಗಾದರೆ ‘ಒಂದು ಹನಿಯೂ ವಿಷ’? ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದ್ದು ‘ಸುರಕ್ಷಿತ ಎನ್ನಬಹುದಾದ ಪ್ರಮಾಣವಿಲ್ಲ’ ಎಂದು. ಮುಖ್ಯ ಕಾರಣ ಕ್ಯಾನ್ಸರ್. ಮದ್ಯ 1988ರಿಂದಲೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡಕರುಳು, ಸ್ತನ, ಇಷ್ಟು ಕಡೆ. ಆದರೆ ‘ಸುರಕ್ಷಿತವಲ್ಲ’ ಎಂದರೆ ‘ಎಲ್ಲ ಪ್ರಮಾಣವೂ ಒಂದೇ’ ಎಂದಲ್ಲ. 2018ರ ಜಾಗತಿಕ ಅಧ್ಯಯನದ ಅಂಕಿಗಳನ್ನು ನೋಡಿ. ಒಂದು ವರ್ಷದಲ್ಲಿ ಲಕ್ಷ ಜನರಲ್ಲಿ ಕುಡಿಯದಿದ್ದರೂ 914 ಮಂದಿಗೆ, ಕುಡಿತಕ್ಕೆ ನಂಟಿರುವ 23 ತೊಂದರೆಗಳಲ್ಲಿ ಒಂದು ಬರುತ್ತದೆ. ದಿನಕ್ಕೆ 10 ಗ್ರಾಂ ಕುಡಿದರೆ 918. 20 ಗ್ರಾಂ ಆದರೆ 977. 50 ಗ್ರಾಂ ಆದರೆ 1,252. ಮೊದಲ ಮೆಟ್ಟಿಲು ತೀರ ಗಿಡ್ಡ, ಮೇಲೆ ಹೋದಂತೆ ಎತ್ತರ. ವಾಟ್ಸಾಪಿನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ನಂಬಿ ‘ಹೆಂಗೂ ವಿಷ ಅಂದ ಮ್ಯಾಲ ಒಂದಾದ್ರೇನು ಆರಾದ್ರೇನು’ ಎನ್ನುವವರು ಮೋಸ ಹೋಗುತ್ತಾರೆ. ಈ ಜಗಳ ವಿಜ್ಞಾನಿಗಳಲ್ಲೂ ತೀರಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಗಳ ಸಮಿತಿ ಮಿತ ಕುಡಿತದಲ್ಲಿ ಒಟ್ಟು ಸಾವು ಕಡಿಮೆ ಕಂಡಿದೆ ಎಂದು ಬರೆಯಿತು, ಜೊತೆಗೇ ಸ್ತನ ಕ್ಯಾನ್ಸರ್ ಹೆಚ್ಚು ಎಂದೂ ಬರೆಯಿತು. ಆದರೆ ಕುಡಿಯದವರು ಆರೋಗ್ಯಕ್ಕಾಗಿ ಕುಡಿಯಲು ಶುರು ಮಾಡಬೇಕು ಎಂದು ಮೇಲೆ ಹೇಳಿದ ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ.

ಇಷ್ಟೆಲ್ಲ ಮಿತಿಗಳನ್ನು ಹಾಕಿದ್ದು ಬೇರೆ ಕಾಯಿಲೆ ಇಲ್ಲದ, ಗುಳಿಗೆ ನುಂಗದ ಮನುಷ್ಯನಿಗೆ. ನಿಮಗೆ ಅದು ಹೊಂದುವುದಿಲ್ಲ. ಪತ್ರ ಓದುವಾಗ ನನ್ನನ್ನು ಕಾಡಿದ್ದು ಕ್ವಾರ್ಟರ್ ಅಲ್ಲ, ಗ್ಲಿಮೆಪಿರೈಡ್. ಅದು ರಕ್ತದ ಸಕ್ಕರೆಯನ್ನು ಇಳಿಸುವ ಗುಳಿಗೆ. ಸಕ್ಕರೆ ತೀರ ಇಳಿದಾಗ ಯಕೃತ್ತು ಹೊಸದಾಗಿ ಸಕ್ಕರೆ ಮಾಡಿ ಕಾಪಾಡುತ್ತದೆ. 61 ಗ್ರಾಂ ಆಲ್ಕೋಹಾಲನ್ನು ಅರಗಿಸುತ್ತಿರುವ ಯಕೃತ್ತಿಗೆ ಆ ಕೆಲಸ ಸರಿಯಾಗಿ ಆಗುವುದಿಲ್ಲ. ನೀವು ಚಖ್ನಾದಲ್ಲೇ ಹೊಟ್ಟೆ ತುಂಬಿಸಿ ಊಟ ಬಿಟ್ಟು ಮಲಗಿದಿರಿ ಎನ್ನಿ, ನಡುರಾತ್ರಿ ಸಕ್ಕರೆ 70ರ ಕೆಳಗೆ ಹೋಗಬಹುದು. ಬೆವರು, ನಡುಕ, ತೊದಲು ಮಾತು, ಎಬ್ಬಿಸಿದರೆ ಏಳದಿರುವುದು ಇದರ ಲಕ್ಷಣ. ಎಲ್ಲವೂ ಕುಡಿದವರ ಲಕ್ಷಣವೇ. ಮನೆಯವರು ‘ಕುಡದು ಮಲಗ್ಯಾರ, ಮಲಗ್ಲಿ’ ಎಂದು ಹೊದಿಕೆ ಹೊದಿಸಿ ಬಿಡುತ್ತಾರೆ. ಇಲ್ಲೇ ಪ್ರಾಣ ಹೋಗುವುದು. ಈ ಒಂದು ಪ್ಯಾರಾ ನಿಮ್ಮ ಮನೆಯವರಿಗೆ ಓದಿ ಹೇಳಿ. ಗ್ಲುಕೋಮೀಟರ್ ಮನೆಯಲ್ಲಿರಲಿ. ಎಚ್ಚರವಿದ್ದು ನುಂಗಲು ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಲಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಮಗ್ಗುಲಿಗೆ ತಿರುಗಿಸಿ 108ಕ್ಕೆ ಫೋನ್ ಮಾಡಲಿ. ಸಕ್ಕರೆ ಒಮ್ಮೆ ಏರಿದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಗ್ಲಿಮೆಪಿರೈಡ್ ತಾಸುಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ, ಸಕ್ಕರೆ ಮತ್ತೆ ಕುಸಿಯುತ್ತದೆ. ಗುಳಿಗೆಯನ್ನು ನೀವಾಗಿ ಬಿಡಬೇಡಿ. ಡಾಕ್ಟರಿಗೆ ‘ಲಿಮಿಟ್’ ಎನ್ನದೆ ‘ಒಂದೇ ರಾತ್ರಿ 180 ಎಂ.ಎಲ್.’ ಎಂದು ಬಾಯಿಬಿಟ್ಟು ಹೇಳಿ. ಸಕ್ಕರೆ ಹೀಗೆ ಕುಸಿಯದ ಬೇರೆ ಗುಳಿಗೆಗಳಿವೆ, ಬದಲಿಸುವುದು ಅವರಿಗೆ ಬಿಟ್ಟದ್ದು. ಮೆಟ್‌ಫಾರ್ಮಿನ್ ಮೇಲೆ ಭಾರಿ ಕುಡಿತವೂ ಒಳ್ಳೆಯದಲ್ಲ, ಮೂತ್ರಪಿಂಡ ಸೋತಿದ್ದರಂತೂ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಭಯವಿದೆ. ಹೋದಾಗ ಬಿ.ಪಿ., ಮೂತ್ರಪಿಂಡ, ಯಕೃತ್ತಿನ ರಕ್ತಪರೀಕ್ಷೆಯನ್ನೂ ಮಾಡಿಸಿ. ಯಕೃತ್ತಿನದರಲ್ಲಿ, ಕುಡಿತದಿಂದ ಏರುವ ಜಿಜಿಟಿ ಎಂಬ ಕಿಣ್ವದ ಪರೀಕ್ಷೆಯೂ ಸೇರಿರಲಿ.

ಗುಟ್ಕಾ ಬಗ್ಗೆ ಎರಡೇ ಮಾತು. ಬಾಯಿ, ಗಂಟಲಿನ ಕ್ಯಾನ್ಸರಿಗೆ ತಂಬಾಕು ಮತ್ತು ಮದ್ಯ ಒಂದಕ್ಕೊಂದು ಕೂಡಿಕೆಯಾಗುವುದಿಲ್ಲ, ಗುಣಿಸಿಕೊಳ್ಳುತ್ತವೆ. ಎರಡರಲ್ಲಿ ಒಂದನ್ನು ಮೊದಲು ಬಿಡುವುದಾದರೆ ಗುಟ್ಕಾ ಬಿಡಿ.

ಬೆಳಗಿನ ಬೈಕ್ ವಿಷಯವನ್ನೂ ಲೆಕ್ಕ ಹಾಕೋಣ. ವಾಹನ ಓಡಿಸುವವರ ರಕ್ತದಲ್ಲಿ ಕಾನೂನಿನ ಮಿತಿ 100 ಎಂ.ಎಲ್.ಗೆ 30 ಮಿಲಿಗ್ರಾಂ. ರಾತ್ರಿ 9ಕ್ಕೆ ಕುಡಿಯಲು ಕೂತ 55 ಕೆ.ಜಿ. ತೂಕದ ಗಂಡಸಿನಲ್ಲಿ ಒಂದು ಕ್ವಾರ್ಟರ್ ಸುಮಾರು 160ರ ಲೆಕ್ಕಕ್ಕೆ ಬರುತ್ತದೆ, ಗಂಟೆಗೆ 15ರಂತೆ ಇಳಿಯುತ್ತದೆ. 30ಕ್ಕೆ ಬರುವಾಗ ಬೆಳಗಿನ 6 ಹತ್ತಿರವಾಗಿರುತ್ತದೆ. 70 ಕೆ.ಜಿ.ಯವರಾದರೆ ಮೂರೂವರೆ. ತಣ್ಣೀರು ಸ್ನಾನ, ಲಿಂಬೆ ಶರಬತ್ತು, ಚಹಾ ಯಾವುದೂ ಇದನ್ನು ಬೇಗ ಇಳಿಸುವುದಿಲ್ಲ. ಸೋಮವಾರ ನಸುಕಿನಲ್ಲಿ ಮಾಲು ತರಲು ಹೊರಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನನ್ನ ಸಲಹೆ: ಈ ಗುಳಿಗೆ ನಡೆದಿರುವಾಗ ಪೂರ್ತಿ ಬಿಡುವುದೇ ಲೇಸು. ಅದು ಈಗಲೇ ಆಗದು ಎಂದಾದರೆ ಕ್ವಾರ್ಟರ್ ತರುವುದನ್ನು ನಿಲ್ಲಿಸಿ, ಮನೆಯಲ್ಲಿ ಬಾಟಲಿ ಇದ್ದರೆ ಕೈ ಹೋಗಿಯೇ ಹೋಗುತ್ತದೆ. ನೈಂಟಿಯೊಂದೇ, ಅದೂ ಶನಿವಾರ, ರವಿವಾರ ಎರಡರಲ್ಲಿ ಒಂದೇ ದಿನ, ರೊಟ್ಟಿ ಪಲ್ಯ ಉಂಡ ಮೇಲೆ. ವಾರಕ್ಕೆ 122 ಗ್ರಾಂ ಇದ್ದದ್ದು 30ಕ್ಕೆ ಬರುತ್ತದೆ. ಅಳೆಯಲು ಔಷಧಿ ಸಿರಪ್ಪಿನ 10 ಎಂ.ಎಲ್. ಮುಚ್ಚಳ ಸಾಕು, ಮೂರು ಮುಚ್ಚಳಕ್ಕೆ ಒಂದು ಸಣ್ಣ ಪೆಗ್. ನೈಂಟಿಗೆ ನಿಲ್ಲಲು ಮೂರು ವಾರ ಪ್ರಯತ್ನಿಸಿಯೂ ಆಗದಿದ್ದರೆ ಅದನ್ನೇ ಡಾಕ್ಟರಿಗೆ ಹೇಳಿ, ಅದಕ್ಕೂ ಔಷಧಿಯಿದೆ, ಸಮಾಲೋಚನೆಯಿದೆ. ಟೆಲಿಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ.

ಇದನ್ನು ಓದುತ್ತಿರುವ, ದಿನಾ ಕ್ವಾರ್ಟರ್ ಅಥವಾ ಹೆಚ್ಚು ಕುಡಿಯುವ ಇನ್ನೊಬ್ಬರು ಇರಬಹುದು. ಅವರು ನಾಳೆಯೇ ಏಕಾಏಕಿ ಬಿಡಬಾರದು. ಆರು ತಾಸಿನಿಂದ ಕೈ ನಡುಕ, ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಎರಡು ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಗೊತ್ತುಗುರಿಯಿಲ್ಲದ ಗಲಿಬಿಲಿ ಬರಬಹುದು. ಜೀವಕ್ಕೆ ಅಪಾಯ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಂಡು, ಥಯಾಮಿನ್ ಮತ್ತು ಗುಳಿಗೆಗಳ ನೆರವಿನಲ್ಲಿ ಬಿಡಬೇಕು.

ಕೊನೆಗೆ ಸೇಂದಿ. ಅದನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ. ಈಚಲು ಮರದಿಂದ ನಸುಕಿನಲ್ಲಿ ಇಳಿಸಿದಾಗ ಸಿಹಿ, ಬಿಸಿಲೇರಿದಂತೆ ಹುಳಿಯುತ್ತ ಆಲ್ಕೋಹಾಲ್ ಹೆಚ್ಚುತ್ತದೆ. ಅದೇ ಮಡಕೆಯದ್ದು ಬೆಳಗ್ಗೆ ಒಂದು, ಸಂಜೆ ಒಂದು. ಚೀಟಿಯೂ ಇಲ್ಲ, ಶೇಕಡಾವೂ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಕಲಬೆರಕೆ. ಗಡಿಯಾಚೆಯಿಂದ ಕದ್ದು ಬರುವ ಸೇಂದಿಯಲ್ಲಿ ಮರದ್ದು ಎಷ್ಟು, ನೀರು ಎಷ್ಟು, ಸಿಎಚ್ ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್ ಎಷ್ಟು ಎಂದು ಕುಡಿಯುವವರಿಗೆ ಗೊತ್ತಾಗುವುದಿಲ್ಲ. ಅದು ನಿದ್ದೆಯ ಔಷಧಿ. ಮದ್ಯದ ಜೊತೆ ಸೇರಿದರೆ ಉಸಿರನ್ನೇ ತಗ್ಗಿಸುತ್ತದೆ. ಶುಗರ್ ಇಳಿದು ಮೈ ಬೆವರುತ್ತಿದ್ದರೂ ಎಚ್ಚರವಾಗದಂತೆ ಮಲಗಿಸಿಬಿಡುತ್ತದೆ. ನಿಮ್ಮಂಥ ಗುಳಿಗೆಯವರು ಸೇಂದಿಯನ್ನು ಮುಟ್ಟಲೇಬಾರದು.